ಕಾಯುವ ದೇವರು, ಎಚ್ಚರಿಸುವ ನುಡಿ

ನಿಪ್ಪಾಣಿ ತಾಲ್ಲೂಕಿನ ಕುರ್ಲಿ-ಅಪ್ಪಾಚಿವಾಡಿಯಲ್ಲಿ ನಡೆಯುವ ಹಾಲಸಿದ್ಧನಾಥನ ಜಾತ್ರೆಗೆ ಹೋದವರು ನಸುಕಿನ ಒಂದು ಹೊತ್ತಿಗಾಗಿ ಕಾದು ಕೂರುತ್ತಾರೆ. ಡೊಳ್ಳಿನ ವಾಲಗ ಮುಗಿದು, ಎರಚಿದ ಭಂಡಾರಕ್ಕೆ ನೆಲವೂ ಮೈಯೂ ಹಳದಿಯಾದ ಮೇಲೆ ನಾಥನ ಹೆಸರಿನಲ್ಲಿ ಭಾಕಣೂಕ, ಅಂದರೆ ಮುಂದಾಗುವುದನ್ನು ಹೇಳುವ ದೇವರ ನುಡಿ, ಹೊರಡುತ್ತದೆ. ಮಳೆ, ಪೀಕು, ಧಾರಣೆ, ರೋಗರುಜಿನ, ಆಳುವವರ ಗೊಂದಲ ಎಲ್ಲವೂ ಆ ನುಡಿಯಲ್ಲಿ ಬಂದುಹೋಗುತ್ತವೆ. ನುಡಿ ಮರಾಠಿಯದು, ಕನ್ನಡದವರೂ ಅಷ್ಟೇ ಕಿವಿಗೊಟ್ಟು ಕೇಳುತ್ತಾರೆ. ಗಡಿಯಾಚೆ ಕೊಲ್ಲಾಪುರ ಜಿಲ್ಲೆಯ ಪಟ್ಟಣಕೊಡೋಲಿಯಲ್ಲಿ ವಿಠ್ಠಲ-ಬೀರದೇವರ ಜಾತ್ರೆಗೂ ಇಂಥದೇ ಭಾಕಣೂಕವಿದೆ. ದಕ್ಷಿಣಕ್ಕೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಮಾತಿನಲ್ಲಿ ಕಾರಣಿಕ ನುಡಿಯುತ್ತಾನೆ. ಅಪ್ಪಾಚಿವಾಡಿಯ ನುಡಿಯಲ್ಲಿ ಕೇಡಿನ ಮುನ್ಸೂಚನೆಯೂ, ನಂಬಿದವರ ಬೆನ್ನಿಗೆ ದೇವರು ನಿಲ್ಲುತ್ತಾನೆಂಬ ಅಭಯವೂ ಒಟ್ಟೊಟ್ಟಿಗೇ ಬರುತ್ತವೆ. ಅಭಯವನ್ನಷ್ಟೇ ಉಳಿಸಿಕೊಂಡು ಎಚ್ಚರಿಕೆಯನ್ನು ಕೈಬಿಟ್ಟರೆ ದೇವರು ಕಾಯುತ್ತಾನೆಂಬ ಮಾತು ಬರೀ ಸಮಾಧಾನವಾಗಿ ಬಿಡುತ್ತದೆ. ಇದನ್ನು ಅರಿಯಲು ಬೈಬಲ್ಲಿನ ಪ್ರವಾದಿಗಳ ಚರಿತ್ರೆಗಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಆ ಚರಿತ್ರೆ ನಮಗೆ ದೂರದ್ದೂ ಅಲ್ಲ. ಬಳ್ಳಾರಿಯಿಂದ ಬಂದ ಲಂಡನ್ ಮಿಷನ್ ಬೆಳಗಾವಿಯಲ್ಲಿ ನೆಲೆಯೂರಿದ್ದು 1820ರಲ್ಲಿ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಅದು ಹೇಳುವ ಚರಿತ್ರೆಯನ್ನೇ ನೋಡಿ. ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರ್ಯದ ಅರಸ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದಾಗ, ಯೆರೂಸಲೇಮ್ ಬೀಳುವುದಿಲ್ಲವೆಂದು ಪ್ರವಾದಿ ಯೆಶಾಯ ನುಡಿದ. ಪಟ್ಟಣ ಉಳಿಯಿತು. ಆದರೆ ಯೆಹೂದದ 46 ಕೋಟೆಯ ಊರುಗಳನ್ನು ಗೆದ್ದೆನೆಂದು ಸನ್ಹೇರೀಬನೇ ತನ್ನ ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ. ಸುತ್ತಲ ನಾಡು ಸುಟ್ಟುಹೋದ ನಡುವೆ ಒಂದು ಊರು ಉಳಿದ ಕಥೆಯಿದು. ಮುಂದಿನ ತಲೆಮಾರುಗಳು ನೆನಪಿಟ್ಟುಕೊಂಡದ್ದು ಊರು ಉಳಿದದ್ದನ್ನು ಮಾತ್ರ. ದೇವಾಲಯ ಇರುವತನಕ ನಮಗೇನೂ ಆಗದು ಎಂಬ ನೆಚ್ಚಿಕೆ ಬೇರುಬಿಟ್ಟಿತು. ಆ ದೇವಾಲಯದ ಬಾಗಿಲಲ್ಲೇ ನಿಂತು ಯೆರೆಮೀಯ ಅದನ್ನು ಸುಳ್ಳೆಂದ: ಪರದೇಶಿಯನ್ನು, ಅನಾಥರನ್ನು, ವಿಧವೆಯನ್ನು ತುಳಿಯುವವರಿಗೆ ಗುಡಿ ಆಸರೆಯಾಗದು. ಆಗ ಯೆಹೂದದ ಮೇಲಿದ್ದ ಬಾಬೆಲಿನ ನೊಗ ಎರಡೇ ವರ್ಷಗಳಲ್ಲಿ ಮುರಿಯುತ್ತದೆಂದು ಹನನ್ಯನೆಂಬ ಇನ್ನೊಬ್ಬ ಪ್ರವಾದಿ ಜನರಿಗೆ ಹಿತವಾಗುವ ಮಾತಾಡಿದ. ಕ್ರಿಸ್ತಪೂರ್ವ 586ರ ಸುಮಾರಿಗೆ ಊರೂ ದೇವಾಲಯವೂ ಬಿದ್ದವು.

ಅದೇ ಕಾಲದ ಯೆಹೆಜ್ಕೇಲ ಕಂಡ ದರ್ಶನವನ್ನು ಹತ್ತಿರದಿಂದ ನೋಡಬೇಕು. ನಾರುಮಡಿ ಉಟ್ಟು, ಸೊಂಟಕ್ಕೆ ಲೇಖಕನ ದೌತಿ ಸಿಕ್ಕಿಸಿಕೊಂಡ ಒಬ್ಬ ಯೆರೂಸಲೇಮಿನ ಬೀದಿಗಳಲ್ಲಿ ತಿರುಗಿ, ಊರಿನಲ್ಲಿ ನಡೆಯುವ ಅನ್ಯಾಯಕ್ಕೆ ನಿಟ್ಟುಸಿರುಬಿಟ್ಟು ಗೋಳಿಡುವವರ ಹಣೆಗೆ ಗುರುತು ಹಾಕುತ್ತಾನೆ. ಗುರುತಿದ್ದವರಷ್ಟೇ ಉಳಿಯುತ್ತಾರೆ, ದಂಡನೆ ಶುರುವಾಗುವುದು ಗುಡಿಯ ಅಂಗಳದಿಂದಲೇ. ಆ ಗುರುತು ಕುಲ ಕೇಳುವುದಿಲ್ಲ, ಕೊಟ್ಟ ಕಾಣಿಕೆ ಎಣಿಸುವುದಿಲ್ಲ. ಕೇಡನ್ನು ಕಂಡು ಮನಸ್ಸು ಕಲಕಿತೇ ಎಂಬುದೊಂದನ್ನೇ ನೋಡುತ್ತದೆ. ಅದಕ್ಕೂ ಮುಂಚೆ ಆಮೋಸ ಇದನ್ನು ಇನ್ನಷ್ಟು ಖಾರವಾಗಿ ಹೇಳಿದ್ದ: ದೇವರು ಆರಿಸಿಕೊಂಡ ಜನವೆಂದಮೇಲೆ ಲೆಕ್ಕ ಒಪ್ಪಿಸುವ ಹೊಣೆಯೂ ಉಳಿದವರಿಗಿಂತ ಹೆಚ್ಚು.

ನಮ್ಮ ಕಡೆಯ ಹಳೆಯ ರೂಢಿಗಳಲ್ಲೂ ಈ ಎರಡು ದಾರಿಗಳಿವೆ. ಕಾಲರಾ, ಸಿಡುಬು ಬಂದಾಗ ಮಾರಿಯನ್ನು ಬಂಡಿಯಲ್ಲಿಟ್ಟು ಊರ ಗಡಿ ದಾಟಿಸುವ ಪದ್ಧತಿ ದಖ್ಖನಿನ ಎಷ್ಟೋ ಹಳ್ಳಿಗಳಲ್ಲಿತ್ತು. ನಮ್ಮೂರು ಉಳಿದರೆ ಸಾಕು, ಬೇನೆ ಪಕ್ಕದ ಊರಿಗೆ ಹೋಗಲಿ ಎಂಬ ರಕ್ಷಣೆ ಅದು. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ ಬೇರೆ ದಾರಿ ತೋರಿಸುತ್ತದೆ. ಮಾಘದ ಆ ಜಾತ್ರೆಗೆ ಸಾಂಗಲಿ, ಕೊಲ್ಲಾಪುರ ಕಡೆಯ ಬಂಡಿಗಳೂ ಬರುತ್ತವೆ. ಅಲ್ಲಿ ತಾಯಿಯ ಕಾವಲಿಗೆ ಭಾಷೆಯ ಗಡಿಯಿಲ್ಲ. ಅಪ್ಪಾಚಿವಾಡಿಯ ನುಡಿಯೂ ಒಂದು ಊರಿನ ಹಿತಕ್ಕೆ ನಿಲ್ಲದೆ ನಾಡಿಗೆಲ್ಲ ಬರುವ ಕಷ್ಟ ಹೇಳುತ್ತದೆ. ಪ್ರವಾದಿಗಳ ಮಾತಿಗೆ ಹತ್ತಿರವಾದದ್ದು ಈ ದಾರಿಯೇ.

ದೇವರು ಕಾಯುತ್ತಾನೆಂಬ ಮಾತಿಗೇ ಬಲವಾದ ಆಕ್ಷೇಪ ಈ ನೆಲದಿಂದಲೇ ಬರುತ್ತದೆ. ಭೋಜದಲ್ಲಿ ಬೆಳೆದ ಜೈನ ಮುನಿ ಆಚಾರ್ಯ ಶಾಂತಿಸಾಗರರು (1872-1955) ಅನ್ಯ ದೇವತೆಗಳ ಪೂಜೆಯನ್ನು ಮಿಥ್ಯಾತ್ವವೆಂದು ಬಿಡಿಸಿದರು. ಕರ್ಮದ ಫಲವನ್ನು ಯಾವ ದೇವರೂ ತಪ್ಪಿಸಲಾರ, ಕಾಯುವವನಿದ್ದಾನೆಂಬ ನೆಚ್ಚಿಕೆ ಮನುಷ್ಯನನ್ನು ಸೋಮಾರಿಯಾಗಿಸುತ್ತದೆ ಎಂಬ ಜೈನ ವಾದಕ್ಕೆ ಕಾಗವಾಡ, ಶೇಡಬಾಳ, ಸದಲಗಾ ಸೀಮೆಯಲ್ಲಿ ಆಳವಾದ ಬೇರಿದೆ. ಹನನ್ಯನ ಬಗೆಯ ಭರವಸೆಯ ಮಟ್ಟಿಗೆ ಈ ಆಕ್ಷೇಪ ಪೂರ್ತಿ ಸರಿ. ಆದರೆ ಯೆರೆಮೀಯ ಕೇಳಿದ್ದೂ ನಡತೆಯನ್ನೇ. ಸಿದ್ಧಾಂತದಲ್ಲಿ ಎಷ್ಟೇ ದೂರವಿದ್ದರೂ, ನಡತೆ ಕೆಟ್ಟವನಿಗೆ ಪೂಜೆ ರಕ್ಷಣೆ ಕೊಡದು ಎಂಬಲ್ಲಿ ಮುನಿಗಳೂ ಪ್ರವಾದಿಗಳೂ ಕೂಡುತ್ತಾರೆ.

ಹಾಗಾದರೆ ಆಪತ್ತು ಬಂದಾಗ ಆ ಅಭಯ ಏನಾಯಿತು ಎಂದು ಕೇಳುವವರಿದ್ದಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ಚಿಕ್ಕೋಡಿ, ಕಾಗವಾಡ, ಅಥಣಿಯ ದಂಡೆಯ ಹಳ್ಳಿಗಳು ನೀರಲ್ಲಿ ನಿಂತವು; ಯಮಗರ್ಣಿಯ ಬಳಿ ಹೆದ್ದಾರಿಯೇ ಬಂದಾಯಿತು. ಗುಡಿಗಳನ್ನೂ ಹೊಳೆ ಬಿಡಲಿಲ್ಲ. ಸೆರೆಯಾಗಿ ಬಾಬೆಲಿನಲ್ಲಿದ್ದವರಿಗೆ ಯೆಶಾಯನ ಗ್ರಂಥ ಹೇಳುವ ಅಭಯ ಇಲ್ಲಿ ನೆನಪಾಗಬೇಕು. ಹೊಳೆ ಬರುವುದೇ ಇಲ್ಲವೆಂದು ಅದು ಎಲ್ಲೂ ಹೇಳುವುದಿಲ್ಲ. ಹೊಳೆ ದಾಟುವಾಗ ಜೊತೆಗಿರುವೆನೆಂದು ಹೇಳುತ್ತದೆ. ಆ ಜೊತೆಗಾರಿಕೆ ನೆಲದ ಮೇಲೆ ಕಾಣುವುದು ದೋಣಿ ಹಿಡಿದು ಬರುವ, ದನ ಹೊಡೆದು ದಡ ಸೇರಿಸುವ, ಗಂಜಿ ಕಾಸುವ ನೆರೆಯವರಲ್ಲಿ.

ಜಾತ್ರೆಯ ಹೇಳಿಕೆಯನ್ನೂ ಶಾಸ್ತ್ರಗ್ರಂಥವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ಮಾತೂ ಇದೆ. ವ್ಯತ್ಯಾಸ ಇರುವುದು ನಿಜ, ಅದರಿಂದ ಕಲಿಯಬೇಕಾದದ್ದೂ ಇದೆ. ಯೆರೆಮೀಯ ಹೇಳಿದ್ದನ್ನು ಬಾರೂಕ ಸುರುಳಿಯಲ್ಲಿ ಬರೆದ. ಚಳಿಗಾಲದ ಅರಮನೆಯಲ್ಲಿ ಅರಸ ಯೆಹೋಯಾಕೀಮ ಅದನ್ನು ಓದಿದಷ್ಟೂ ಚೂರಿಯಿಂದ ಕೊಯ್ದು ಅಗ್ಗಿಷ್ಟಿಕೆಗೆ ಹಾಕಿದ. ಅವರು ಮತ್ತೆ ಬರೆದರು. ಬರೆದಿಟ್ಟದ್ದರಿಂದಲೇ ಯಾರ ಮಾತು ಜನರನ್ನು ಎಚ್ಚರಿಸಿತು, ಯಾರದು ಮಲಗಿಸಿತು ಎಂದು ಮುಂದಿನವರು ತೂಗಿ ನೋಡಲಾಯಿತು. ನಮ್ಮ ಭಾಕಣೂಕಗಳು ಪತ್ರಿಕೆಯ ಒಂದು ದಿನದ ಸುದ್ದಿಯಾಗಿ ಮರೆಯಾಗುತ್ತಿವೆ. ವರ್ಷ ವರ್ಷದ ನುಡಿಯನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದಿಡುವ ಕೆಲಸ ಈ ತಾಲ್ಲೂಕುಗಳ ಕಾಲೇಜುಗಳಿಂದ ಆಗಬೇಕು. ದೇವರು ಕಾಯಲಿ ಎಂದು ಬೇಡುವ ಹಕ್ಕು ಎಲ್ಲರಿಗೂ ಇದೆ. ಆ ದೇವರ ಹೆಸರಿನಲ್ಲಿ ಬಂದ ಎಚ್ಚರಿಕೆಗೆ ತಕ್ಕಂತೆ ನಡೆದೆವೇ ಎಂದು ಕೇಳಿಕೊಳ್ಳುವ ಹೊಣೆಯೂ ಅದರ ಜೊತೆಗೇ ಬರುತ್ತದೆ.