ಲಿವರ್ ಕ್ಯಾನ್ಸರ್ ರಾತ್ರೋರಾತ್ರಿ ಬರೋದಲ್ಲ: ಕಾರಣಗಳೇನು? ತಡೆಯೋದು ಹೇಗೆ?

ಕುಡಿಯುವವರಿಗೆ ಮಾತ್ರ ಲಿವರ್ ಕ್ಯಾನ್ಸರ್ ಬರುತ್ತೆ ಅನ್ನೋದು ಹಲವರ ನಂಬಿಕೆ. ಅದು ಅರ್ಧ ಸತ್ಯ ಅಷ್ಟೇ. ಮದ್ಯ ಮುಟ್ಟದವರಿಗೂ ಈ ಕಾಯಿಲೆ ಬರಬಹುದು.

ಶುರುವಾಗೋದು ಹೇಗೆ?

ಲಿವರ್ ಅಂದರೆ ಯಕೃತ್ತು, ಪೆಟ್ಟಾದರೆ ತಾನೇ ಸರಿಪಡಿಸಿಕೊಳ್ಳುವ ಅಂಗ. ಆದರೆ ವರ್ಷಗಟ್ಟಲೆ ಹಾನಿ ಆಗುತ್ತಲೇ ಇದ್ದರೆ ಗಾಯದ ಕಲೆ ಉಳಿದು, ಅಂಗ ಗಟ್ಟಿಯಾಗಿ ಗಂಟುಗಂಟಾಗುತ್ತದೆ. ಇದೇ ಸಿರೋಸಿಸ್. ಹೊಸ ಜೀವಕೋಶಗಳು ಪದೇ ಪದೇ ಹುಟ್ಟುವಾಗ ಡಿಎನ್ಎಯಲ್ಲಿ ತಪ್ಪುಗಳು ಸೇರಿಕೊಂಡು, ಮುಂದೆ ಕ್ಯಾನ್ಸರ್ ಗಡ್ಡೆ ಬೆಳೆಯಬಹುದು. ಇದಕ್ಕೆ ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ.

ಮುಖ್ಯ ಕಾರಣಗಳು

* ಹೆಪಟೈಟಿಸ್ ಬಿ: ಹೆರಿಗೆ ವೇಳೆ ತಾಯಿಯಿಂದ ಮಗುವಿಗೆ, ರಕ್ತ, ಬಳಸಿದ ಸೂಜಿ, ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಸಿರೋಸಿಸ್ ಆಗದೆಯೂ ನೇರವಾಗಿ ಕ್ಯಾನ್ಸರ್ ತರಬಲ್ಲದು.
* ಹೆಪಟೈಟಿಸ್ ಸಿ: ಹೆಚ್ಚಾಗಿ ರಕ್ತದ ಮೂಲಕ ಹರಡುತ್ತದೆ. ಇದಕ್ಕೆ ಲಸಿಕೆ ಇಲ್ಲ. ಆದರೆ 12 ವಾರಗಳ ಮಾತ್ರೆಯಿಂದ ಬಹುತೇಕರಿಗೆ ಗುಣವಾಗುತ್ತದೆ.
* ಮದ್ಯ: ಎಷ್ಟು ಹೆಚ್ಚು, ಎಷ್ಟು ವರ್ಷ ಕುಡಿದರೋ ಅಷ್ಟು ಅಪಾಯ.
* ಫ್ಯಾಟಿ ಲಿವರ್: ಬೊಜ್ಜು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ದಿನವಿಡೀ ಗಲ್ಲಾದಲ್ಲಿ ಕೂತು ವ್ಯಾಪಾರ ಮಾಡುವವರು ಗಮನಿಸಬೇಕು.
* ಬೂಸ್ಟು ಹಿಡಿದ ಶೇಂಗಾ, ಮೆಕ್ಕೆಜೋಳ: ಇದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದರೂ ಬೇಯಿಸಿದರೂ ಪೂರ್ತಿ ಹೋಗಲ್ಲ. ಹೆಪಟೈಟಿಸ್ ಬಿ ಇದ್ದವರಿಗೆ ಅಪಾಯ ಹಲವು ಪಟ್ಟು. 1974ರಲ್ಲಿ ರಾಜಸ್ಥಾನ, ಗುಜರಾತ್‌ನ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಅದು ಒಮ್ಮೆಲೇ ಏರಿದ ವಿಷ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಕ್ಯಾನ್ಸರ್.

ಲಕ್ಷಣಕ್ಕೆ ಕಾಯಬೇಡಿ

ಆರಂಭದಲ್ಲಿ ನೋವೇ ಇರಲ್ಲ. ತೂಕ ಇಳಿಯೋದು, ಬಲ ಪಕ್ಕೆಲುಬಿನ ಕೆಳಗೆ ನೋವು, ಹೊಟ್ಟೆ ಉಬ್ಬರ, ಕಾಮಾಲೆ ಕಾಣಿಸುವ ಹೊತ್ತಿಗೆ ಬಹಳಷ್ಟು ಸಲ ತಡವಾಗಿರುತ್ತದೆ. ಸಿರೋಸಿಸ್ ಇದ್ದವರು 6 ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು. ಹೆಪಟೈಟಿಸ್ ಬಿ ಇದ್ದವರು ವೈದ್ಯರು ಹೇಳಿದಂತೆ ತಪಾಸಣೆ ಮುಂದುವರಿಸಬೇಕು. ಗಡ್ಡೆ ಚಿಕ್ಕದಿದ್ದಾಗ ಸಿಕ್ಕರೆ ಗುಣಪಡಿಸುವ ಅವಕಾಶ ಹೆಚ್ಚು.

ಈಗಲೇ ಏನು ಮಾಡಬಹುದು?

* ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. 1984ರಲ್ಲೇ ಶಿಶುಗಳಿಗೆ ಲಸಿಕೆ ಶುರು ಮಾಡಿದ ತೈವಾನ್‌ನಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು.
* ಒಮ್ಮೆ ಹೆಪಟೈಟಿಸ್ ಬಿ ಮತ್ತು ಸಿ ರಕ್ತಪರೀಕ್ಷೆ ಮಾಡಿಸಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಚಿಕಿತ್ಸೆ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.
* ಕ್ಷೌರದ ಅಂಗಡಿಯಲ್ಲಿ ಹೊಸ ಬ್ಲೇಡ್, ಹಚ್ಚೆಗೆ ಹೊಸ ಸೂಜಿಯನ್ನೇ ಕೇಳಿ.
* ಶೇಂಗಾ ಚೆನ್ನಾಗಿ ಒಣಗಿಸಿ, ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ. ಬೂಸ್ಟು ಬಂದ ಕಾಳನ್ನು ಕಡಿಮೆ ರೇಟಿಗೂ ಮಾರಬೇಡಿ, ದನಕ್ಕೂ ಹಾಕಬೇಡಿ. ಆ ವಿಷ ಹಾಲಿನಲ್ಲೂ ಬರುತ್ತದೆ.