ಪದಕ್ಕೆ ದಾರಿ ಬಿಟ್ಟ ಎಲೆಕ್ಟ್ರಿಕ್ ಗಿಟಾರ್

ಅಮೆರಿಕದ ಫೋಕ್ ಸಂಗೀತದ ಚರಿತ್ರೆ ಬರೆಯುವವರು 1965ರ ಜುಲೈ 25ನೇ ತಾರೀಖನ್ನು ದಾಟಿ ಹೋಗುವುದಿಲ್ಲ. ಅಂದು ರಾತ್ರಿ ನ್ಯೂಪೋರ್ಟ್ ಫೋಕ್ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೇರಿಸಿಕೊಂಡು, ಮೈಕ್ ಬ್ಲೂಮ್‌ಫೀಲ್ಡ್ ಮತ್ತಿತರ ವಾದ್ಯಗಾರರನ್ನು ಕಟ್ಟಿಕೊಂಡು ಮೂರು ಹಾಡು ಹಾಡಿದರು. ಸಭೆಯಲ್ಲಿ ಒಂದಷ್ಟು ಜನ ಕೂಗಾಡಿದರು. ಆಮೇಲಿನ ಚರಿತ್ರೆಯೆಲ್ಲ ಎರಡು ಪಕ್ಷಗಳ ಜಗಳದ ಕಥೆಯಾಯಿತು. ಒಂದು ಕಡೆ ಅಕೌಸ್ಟಿಕ್ ಗಿಟಾರ್, ಹಾಡಿನ ಮಾತು, ಸಂಪ್ರದಾಯ. ಇನ್ನೊಂದು ಕಡೆ ಆಂಪ್ಲಿಫಯರ್, ಅಬ್ಬರ, ಬಂಡಾಯ. ಎರಡನೆಯ ಪಕ್ಷ ಗೆದ್ದಿತು ಎನ್ನುವಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಎಲೆಕ್ಟ್ರಿಕ್ ಗಿಟಾರ್ ಫೋಕ್ ಹಾಡಿನೊಳಗೆ ಹೊಕ್ಕು ನೆಲೆಯೂರಿದ್ದು ಹೇಗೆ ಎಂಬುದಕ್ಕೆ ಈ ಕಥೆಯಲ್ಲಿ ಉತ್ತರ ಸಿಗುವುದಿಲ್ಲ. ಉತ್ತರ ಬೇಕಾದರೆ ಮುಂದೆ ನಿಂತು ಹಾಡಿದವರನ್ನು ಬಿಟ್ಟು ಪಕ್ಕದಲ್ಲಿ ನಿಂತು ನುಡಿಸಿದವರ ಕಡೆ ತಿರುಗಬೇಕು. ಕೆನಡಾದ ಹಾಡುಗಾರ ಗಾರ್ಡನ್ ಲೈಟ್‌ಫುಟ್ ಅವರಿಗೆ ಸುಮಾರು ನಾಲ್ಕು ದಶಕ ಲೀಡ್ ಗಿಟಾರ್ ನುಡಿಸಿದ ಟೆರ್ರಿ ಕ್ಲೆಮೆಂಟ್ಸ್ ಅಂಥವರಲ್ಲಿ ಒಬ್ಬರು. ಅಭಿಮಾನಿಗಳು ಮೆಚ್ಚಿ ನೆನೆಯುವ ಅವರ ಎಲೆಕ್ಟ್ರಿಕ್ ಗಿಟಾರ್ ತುಣುಕುಗಳನ್ನು ಗಮನವಿಟ್ಟು ಕೇಳಿದರೆ ಹೊಳೆಯುವುದು ಇಷ್ಟು: ಫೋಕ್ ಹಾಡಿಗೆ ವಿದ್ಯುತ್ತು ತಂದುಕೊಟ್ಟ ನಿಜವಾದ ಲಾಭ ಗಟ್ಟಿ ದನಿಯಲ್ಲ, ಕಡಿಮೆ ಸ್ವರಗಳಲ್ಲಿ ಕೆಲಸ ಮುಗಿಸುವ ಅನುಕೂಲ.

ಮೊದಲು ನ್ಯೂಪೋರ್ಟಿನ ಜಗಳವನ್ನೇ ನೋಡೋಣ. ಆ ವೇದಿಕೆಗೆ ಎಲೆಕ್ಟ್ರಿಕ್ ಗಿಟಾರ್ ಬಂದದ್ದು ಅದೇ ಮೊದಲೇನಲ್ಲ. ಹಿಂದಿನ ವರ್ಷ, 1964ರಲ್ಲಿ, ಜಾನಿ ಕ್ಯಾಶ್ ಹಾಡಿದಾಗ ಅವರ ಬಲಗೈಯಂತಿದ್ದ ಲೂಥರ್ ಪರ್ಕಿನ್ಸ್ ನುಡಿಸಿದ್ದು ಎಲೆಕ್ಟ್ರಿಕ್ ಗಿಟಾರನ್ನೇ. ಅದಕ್ಕೆ ಯಾರೂ ಗಲಾಟೆ ಮಾಡಲಿಲ್ಲ. 1965ರ ಮಾರ್ಚಿನಲ್ಲಿ ಬಂದ ಡಿಲನ್ನರ ‘ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್’ ಧ್ವನಿಮುದ್ರಿಕೆಯಲ್ಲಿ ಬ್ರೂಸ್ ಲ್ಯಾಂಗ್‌ಹಾರ್ನ್ ಹಳೆಯ ಮಾರ್ಟಿನ್ ಗಿಟಾರಿಗೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಸಿಕ್ಕಿಸಿ, ಆಂಪ್ಲಿಫಯರ್ ಮೂಲಕ ಎಷ್ಟು ಹಗುರವಾಗಿ ನುಡಿಸಿದ್ದಾರೆಂದರೆ ಅದೂ ವಿದ್ಯುತ್ ವಾದ್ಯವೆಂಬುದು ಎಷ್ಟೋ ಕೇಳುಗರ ಗಮನಕ್ಕೇ ಬರುವುದಿಲ್ಲ. ಹಾಗಾದರೆ ಜುಲೈ 25ರಂದು ಕೆರಳಿಸಿದ್ದೇನು? ಕೊಡಲಿ ಹಿಡಿದು ಮೈಕಿನ ತಂತಿ ಕಡಿಯಲು ಹೊರಟರೆಂಬ ದಂತಕಥೆಗೆ ನಾಯಕರಾದ ಹಿರಿಯ ಫೋಕ್ ಹಾಡುಗಾರ ಪೀಟ್ ಸೀಗರ್ ಮುಂದೆ ಹಲವು ಸಲ ಹೇಳಿದ್ದು ಒಂದೇ ಮಾತು: ಗದ್ದಲದಲ್ಲಿ ಹಾಡಿನ ಪದಗಳು ಕೇಳಿಸುತ್ತಿರಲಿಲ್ಲ, ತಮ್ಮ ಸಿಟ್ಟು ಅದರ ಮೇಲೆ. ಈ ಮಾತನ್ನು ಆಮೇಲೆ ಹೊಂದಿಸಿಕೊಂಡ ಸಮಜಾಯಿಷಿ ಎಂದು ತಳ್ಳಿಹಾಕಬಹುದು. ಆದರೂ ಅದು ಎತ್ತುವ ಪ್ರಶ್ನೆ ಉಳಿಯುತ್ತದೆ. ಫೋಕ್ ಹಾಡಿನ ಜೀವ ಇರುವುದು ಮಾತಿನಲ್ಲಿ. ಮಾತನ್ನು ಮುಳುಗಿಸದೆ ಎಲೆಕ್ಟ್ರಿಕ್ ಗಿಟಾರ್ ಅಲ್ಲಿ ಏನು ಮಾಡಬಲ್ಲದು?

ಅದೇ ಬೇಸಿಗೆಯಲ್ಲಿ ಧ್ವನಿಮುದ್ರಣ ಉದ್ಯಮ ತನ್ನದೇ ಉತ್ತರ ಕೊಟ್ಟಿತು. ಸೈಮನ್ ಮತ್ತು ಗಾರ್ಫಂಕಲ್ 1964ರಲ್ಲಿ ಬರೀ ಅಕೌಸ್ಟಿಕ್ ಗಿಟಾರಿನೊಂದಿಗೆ ಹಾಡಿ ಕೊಟ್ಟಿದ್ದ ‘ದ ಸೌಂಡ್ ಆಫ್ ಸೈಲೆನ್ಸ್’ ಮೇಲೆ ನಿರ್ಮಾಪಕ ಟಾಮ್ ವಿಲ್ಸನ್ 1965ರ ಜೂನಿನಲ್ಲಿ ಎಲೆಕ್ಟ್ರಿಕ್ ಗಿಟಾರ್, ಬಾಸ್, ಡ್ರಮ್‌ಗಳನ್ನು ಹೇರಿದರು. ಹಾಡಿದ ಇಬ್ಬರಿಗೂ ಅದರ ಸುಳಿವಿರಲಿಲ್ಲ. 1966ರ ಜನವರಿಯಲ್ಲಿ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ವ್ಯಾಪಾರಕ್ಕೆ ಇದು ಲಾಭದ ದಾರಿಯೇ ಸರಿ. ಆದರೆ ಇಲ್ಲಿ ಎಲೆಕ್ಟ್ರಿಕ್ ಗಿಟಾರ್ ಮುಗಿದ ಹಾಡಿಗೆ ಬಳಿದ ಬಣ್ಣ. ಹಾಡುಗಾರ ಉಸಿರು ತೆಗೆದುಕೊಳ್ಳುವ ಜಾಗ, ಸಾಲಿನ ತೂಕ, ಕಥೆಯ ತಿರುವು ಇವನ್ನು ಅರಿತು ನುಡಿಸಲು ವಾದ್ಯಗಾರ ಹಾಡುಗಾರನ ಜೊತೆಗಿರಬೇಕು, ಅದೂ ಬಹಳ ಕಾಲ. ನಮ್ಮ ಕಚೇರಿಗಳ ಪಕ್ಕವಾದ್ಯದವರಿಗೆ ಹೊಸದಾಗಿ ಹೇಳಬೇಕಾಗಿಲ್ಲದ ಈ ವಿಷಯ ಸ್ಟುಡಿಯೋದಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವ ವಾದ್ಯಗಾರರ ಪದ್ಧತಿಗೆ ಒಗ್ಗುವಂಥದ್ದಲ್ಲ.

ಲೈಟ್‌ಫುಟ್ ಈ ಎರಡೂ ದಾರಿಗಳನ್ನು ಹತ್ತಿರದಿಂದ ಕಂಡವರು. 1938ರಲ್ಲಿ ಒಂಟಾರಿಯೋದ ಒರಿಲ್ಲಿಯಾದಲ್ಲಿ ಹುಟ್ಟಿ, ಟೊರಾಂಟೋದ ಯಾರ್ಕ್‌ವಿಲ್ ಬಡಾವಣೆಯ ಕಾಫಿ ಹೌಸುಗಳಲ್ಲಿ ಹಾಡಿ ಹೆಸರು ಮಾಡಿದ ಅವರು 1965ರಲ್ಲಿ ನ್ಯೂಪೋರ್ಟಿನಲ್ಲೂ ಹಾಡಿದ್ದರು. ಡಿಲನ್ನರ ವ್ಯವಹಾರ ನೋಡಿಕೊಳ್ಳುತ್ತಿದ್ದ ಆಲ್ಬರ್ಟ್ ಗ್ರಾಸ್‌ಮನ್ನರೇ ಇವರ ಮ್ಯಾನೇಜರೂ ಆಗಿದ್ದರು. ಆದರೂ ಅವರು ಹಿಡಿದ ದಾರಿ ಬೇರೆ. ನ್ಯಾಶ್‌ವಿಲ್‌ನಲ್ಲಿ ಚಾರ್ಲಿ ಮೆಕಾಯ್, ಕೆನ್ನಿ ಬಟ್ರಿ ಅವರಂಥ ಮಿತಭಾಷಿ ವಾದ್ಯಗಾರರೊಂದಿಗೆ ಮುದ್ರಿಸಿದ ‘ದ ವೇ ಐ ಫೀಲ್’ 1967ರಲ್ಲಿ ಬಂದಿತು. ಅದರ ನಾದ ಡಿಲನ್ನರಿಗೆ ಎಷ್ಟು ಹಿಡಿಸಿತೆಂದರೆ, ಅದೇ ಇಬ್ಬರನ್ನು ಕೂರಿಸಿಕೊಂಡು ‘ಜಾನ್ ವೆಸ್ಲಿ ಹಾರ್ಡಿಂಗ್’ ಮುದ್ರಿಸಿದಾಗ ತಾವು ಅರಸಿದ್ದು ಲೈಟ್‌ಫುಟ್ಟರ ಆ ನಾದವನ್ನೇ ಎಂದು ಅವರು 1969ರ ಸಂದರ್ಶನವೊಂದರಲ್ಲಿ ಒಪ್ಪಿಕೊಂಡರು. ನ್ಯೂಪೋರ್ಟಿನ ಬಂಡಾಯಗಾರ ಎರಡೇ ವರ್ಷದಲ್ಲಿ ಮಿತವಾದ್ಯದ ಕಡೆ ತಿರುಗಿದ್ದು ‘ಅಬ್ಬರ ಗೆದ್ದಿತು’ ಎಂಬ ಕಥೆಗೆ ಬಿದ್ದ ಮೊದಲ ಪೆಟ್ಟು.

ಲೈಟ್‌ಫುಟ್ಟರ ಜೊತೆ ಮೊದಲ ವರ್ಷಗಳಲ್ಲಿ ಇದ್ದವರು ರೆಡ್ ಶೇ. ಅವರ ಬೆರಳುಗಳ ಅಕೌಸ್ಟಿಕ್ ಲೀಡ್ ಆ ಕಾಲದ ಹಾಡುಗಳ ಗುರುತು. ಡೆಟ್ರಾಯಿಟ್‌ನಲ್ಲಿ 1947ರಲ್ಲಿ ಹುಟ್ಟಿದ ಕ್ಲೆಮೆಂಟ್ಸ್ 1970ರ ದಶಕದ ಆರಂಭದಲ್ಲಿ ತಂಡ ಸೇರಿ, 2011ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಉಳಿದರು. ಅವರೂ ಅಕೌಸ್ಟಿಕ್ ನುಡಿಸಿದವರೇ. ಆದರೆ ತಂಡಕ್ಕೆ ಅವರು ಕೊಟ್ಟ ಹೊಸತನ ಇದ್ದದ್ದು ಎಲೆಕ್ಟ್ರಿಕ್ ಗಿಟಾರಿನಲ್ಲಿ. ಇಲ್ಲಿ ವಾದ್ಯದ ಸ್ವಭಾವ ಸ್ವಲ್ಪ ತಿಳಿದಿರಬೇಕು. 1930ರ ದಶಕದ ಮೊದಲ ವರ್ಷಗಳಲ್ಲಿ ಗಿಟಾರಿಗೆ ಪಿಕಪ್ ಕೂಡಿಸಿದ್ದು ಹವಾಯಿಯನ್ ಸಂಗೀತದಲ್ಲೂ ನೃತ್ಯವಾದ್ಯ ಮೇಳಗಳಲ್ಲೂ ಅದು ಬೇರೆ ವಾದ್ಯಗಳ ಸದ್ದಿನಲ್ಲಿ ಅಡಗಿಹೋಗದಿರಲಿ ಎಂದು. ಗುರಿ ದನಿ ಏರಿಸುವುದೇ ಆಗಿತ್ತು. ಆದರೆ ದನಿಯ ಜೊತೆಗೆ ಇನ್ನೊಂದು ಗುಣವೂ ಸಿಕ್ಕಿತು: ಮೀಟಿದ ಸ್ವರ ಬೇಗ ಸಾಯುವುದಿಲ್ಲ. ಅಕೌಸ್ಟಿಕ್ ತಂತಿಯ ಸ್ವರ ಬಹುಬೇಗ ಇಳಿದುಹೋಗುವುದರಿಂದ ಎರಡು ಸಾಲುಗಳ ನಡುವಿನ ಜಾಗ ತುಂಬಲು ಬೆರಳುಗಳು ಎಡೆಬಿಡದೆ ಓಡಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಮೆಲ್ಲಗೆ ಮೀಟಿದ ಎರಡು ಮೂರು ಸ್ವರಗಳೇ ಆ ಜಾಗವನ್ನು ತುಂಬಿಕೊಂಡು ನಿಲ್ಲುತ್ತವೆ. ದೊಡ್ಡ ಬಯಲಿನಲ್ಲಿ ಕೂಗಲು ಮಾಡಿದ ಉಪಕರಣದಲ್ಲಿ ಪಿಸುಮಾತನ್ನೂ ದೂರಕ್ಕೆ ಮುಟ್ಟಿಸಬಹುದು ಎಂದು ಕಂಡುಕೊಂಡಂತೆ ಇದು.

ಇದಕ್ಕೆ ಗಟ್ಟಿಯಾದ ಸಾಕ್ಷಿ ‘ದ ರೆಕ್ ಆಫ್ ದ ಎಡ್ಮಂಡ್ ಫಿಟ್ಜ್‌ಜೆರಾಲ್ಡ್’. 1975ರ ನವೆಂಬರ್ 10ರಂದು ಕಬ್ಬಿಣದ ಅದಿರು ಹೇರಿಕೊಂಡು ಹೊರಟಿದ್ದ 729 ಅಡಿ ಉದ್ದದ ಹಡಗು ಸುಪೀರಿಯರ್ ಸರೋವರದ ಬಿರುಗಾಳಿಯಲ್ಲಿ ಮುಳುಗಿ ಅದರಲ್ಲಿದ್ದ 29 ಮಂದಿಯೂ ಸತ್ತರು. ಪತ್ರಿಕೆಯ ವರದಿ ಓದಿ ಲೈಟ್‌ಫುಟ್ ಕಟ್ಟಿದ ಹಾಡು ಡಿಸೆಂಬರಿನಲ್ಲೇ ಟೊರಾಂಟೋದ ಈಸ್ಟರ್ನ್ ಸೌಂಡ್ ಸ್ಟುಡಿಯೋದಲ್ಲಿ ಮುದ್ರಣವಾಯಿತು. 1976ರಲ್ಲಿ ‘ಸಮರ್‌ಟೈಮ್ ಡ್ರೀಮ್’ ಆಲ್ಬಮ್ಮಿನಲ್ಲಿ ಹೊರಬಂದು ಅಮೆರಿಕದ ಪಟ್ಟಿಯಲ್ಲಿ ಎರಡನೆಯ ಸ್ಥಾನ ಮುಟ್ಟಿತು. ಹಾಡಿನ ಕಟ್ಟೋಣ ಪೂರ್ತಿ ಹಳೆಯ ಲಾವಣಿಯದು. ಪಲ್ಲವಿ ಇಲ್ಲ, ಆರು ನಿಮಿಷಕ್ಕೂ ಮೀರಿ ಒಂದೇ ಮಟ್ಟು, ನುಡಿಯ ಮೇಲೆ ನುಡಿ, ಸರಕಿನ ತೂಕವನ್ನೂ ಬಿಡದೆ ಹೇಳುವ ವರದಿ. ರೇಡಿಯೋದ ಕೇಳುಗನಿಗೆ ಬೇಸರ ಬರಲು ಇಷ್ಟು ಸಾಕಿತ್ತು. ಹಾಡನ್ನು ಹಿಡಿದು ನಿಲ್ಲಿಸುವುದು ಲೈಟ್‌ಫುಟ್ಟರ ಹನ್ನೆರಡು ತಂತಿಯ ಗಿಟಾರಿನ ಅಲೆಯ ಮೇಲೆ ನುಡಿನುಡಿಯ ನಡುವೆ ಎದ್ದುಬರುವ ಕ್ಲೆಮೆಂಟ್ಸರ ಎಲೆಕ್ಟ್ರಿಕ್ ತುಣುಕು. ಅದರಲ್ಲಿ ವೇಗವಿಲ್ಲ, ಕೈಚಳಕದ ಪ್ರದರ್ಶನವಿಲ್ಲ. ಕೆಲವೇ ಸ್ವರಗಳು ಎಳೆದುಕೊಂಡು ಬಂದು, ಮಾತು ಶುರುವಾಗುತ್ತಲೇ ಹಿಂದೆ ಸರಿಯುತ್ತವೆ. ಅದರ ಹಿಂದೆ ಪೀ ವೀ ಚಾರ್ಲ್ಸ್ ಅವರ ಸ್ಟೀಲ್ ಗಿಟಾರ್. ಡ್ರಮ್ ಬರುವುದಂತೂ ಕಥೆ ಒಂದಷ್ಟು ದೂರ ನಡೆದ ಮೇಲೆ. ತಾನು ಎಲ್ಲಿ ಸೇರಿಕೊಳ್ಳಬೇಕೆಂದು ಕೇಳಿದಾಗ ‘ತಲೆಯಾಡಿಸುತ್ತೇನೆ’ ಎಂದಷ್ಟೇ ಲೈಟ್‌ಫುಟ್ ಹೇಳಿದ್ದರು, ತಂಡ ಒಟ್ಟಾಗಿ ನುಡಿಸಿದ ಮೊದಲ ಸಲದ ಮುದ್ರಣವೇ ಉಳಿದುಕೊಂಡಿತು ಎಂದು ಡ್ರಮ್ ನುಡಿಸಿದ ಬ್ಯಾರಿ ಕೀನ್ ಹೇಳಿದ್ದಾರೆ. ತಾಲೀಮಿಲ್ಲದೆ ಹೀಗೆ ಒಗ್ಗೂಡಬೇಕಾದರೆ ಒಬ್ಬರ ಉಸಿರು ಒಬ್ಬರಿಗೆ ಗೊತ್ತಿರಬೇಕು. ಸೀಗರ್ ಎತ್ತಿದ ಆಕ್ಷೇಪಕ್ಕೆ ಹತ್ತು ವರ್ಷದ ಮೇಲೆ ಸಿಕ್ಕ ಉತ್ತರ ಇದು: ಇಡೀ ಹಾಡಿನಲ್ಲಿ ವಿದ್ಯುತ್ತಿದೆ, ಒಂದು ಪದವೂ ಮುಳುಗಿಲ್ಲ.

ಇದೆಲ್ಲ ರೇಡಿಯೋಗಾಗಿ ಮಾಡಿದ ನಯಗಾರಿಕೆ ಎಂದು ಆಕ್ಷೇಪಿಸಬಹುದು. ಲೈಟ್‌ಫುಟ್ಟರ ಧ್ವನಿಮುದ್ರಿಕೆಗಳನ್ನು ಹೊರತರುತ್ತಿದ್ದ ಲಾಸ್ ಏಂಜಲೀಸಿನ ರಿಪ್ರೈಸ್ ಕಂಪನಿಗೆ ಹಿಟ್‌ಗಳು ಬೇಕಾಗಿದ್ದವು; ಅವರ ‘ಸನ್‌ಡೌನ್’ 1974ರಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿದ ಮೇಲೆ ಎಲೆಕ್ಟ್ರಿಕ್ ನಾದ ಹೆಚ್ಚುತ್ತಾ ಹೋದದ್ದೂ ನಿಜ. ಈ ಆಕ್ಷೇಪದಲ್ಲಿ ಹುರುಳಿದೆ. ಲೈಟ್‌ಫುಟ್ 1968ರಲ್ಲಿ ಸಣ್ಣ ತಂಡದೊಂದಿಗೆ ಮುದ್ರಿಸಿದ್ದ ‘ದ ಸರ್ಕಲ್ ಈಸ್ ಸ್ಮಾಲ್’ ಅನ್ನು 1978ರ ‘ಎಂಡ್‌ಲೆಸ್ ವೈರ್’ಗಾಗಿ ಪೂರ್ತಿ ವಾದ್ಯಗಳೊಂದಿಗೆ ಮತ್ತೆ ಮುದ್ರಿಸಿದ್ದರ ಹಿಂದೆ ಮಾರುಕಟ್ಟೆಯ ಕೈ ಇಲ್ಲವೆನ್ನಲಾಗದು. ಆದರೆ ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ಎರಡನೆಯದರಲ್ಲೂ ಹಾಡುಗಾರನ ಮಾತೇ ಮುಂದಿದೆ. ವಾದ್ಯಗಳು ಮಾತು ಬಿಟ್ಟ ಜಾಗದಲ್ಲಿ ಮಾತ್ರ ತಲೆಯೆತ್ತುತ್ತವೆ. ಬರೀ ಮಾರುಕಟ್ಟೆಯ ಒತ್ತಾಯವಾಗಿದ್ದರೆ ಹಿಟ್‌ಗಳ ಕಾಲ ಮುಗಿದ ಮೇಲೆ ಈ ಪದ್ಧತಿಯೂ ಮುಗಿಯಬೇಕಿತ್ತು. 1980ರ ನಂತರ ಲೈಟ್‌ಫುಟ್ಟರಿಗೆ ದೊಡ್ಡ ಹಿಟ್ ಸಿಗಲಿಲ್ಲ. ಆದರೂ ಕ್ಲೆಮೆಂಟ್ಸ್ ಮೂವತ್ತು ವರ್ಷ ಅದೇ ವೇದಿಕೆಯಲ್ಲಿ ಅದೇ ಸಂಯಮದಿಂದ ನುಡಿಸುತ್ತಲೇ ಇದ್ದರು.

ಇದಕ್ಕಿಂತ ಬಿಗಿಯಾದ ಆಕ್ಷೇಪ ಲೈಟ್‌ಫುಟ್ಟರ ಕೊನೆಯ ಸ್ಟುಡಿಯೋ ಆಲ್ಬಮ್ಮಿನಿಂದ ಬರುತ್ತದೆ. 2020ರಲ್ಲಿ, 81ರ ವಯಸ್ಸಿನಲ್ಲಿ, ಅವರು ಹೊರತಂದ ‘ಸೋಲೋ’ದಲ್ಲಿ ಅವರ ದನಿ, ಅವರ ಗಿಟಾರ್ ಬಿಟ್ಟು ಬೇರೇನೂ ಇಲ್ಲ. ಹಾಡು ಒಬ್ಬಂಟಿಯಾಗಿಯೇ ನಿಲ್ಲಬಲ್ಲದಾದರೆ ಪಕ್ಕದ ಗಿಟಾರ್ ಬರೀ ಅಲಂಕಾರವಲ್ಲವೇ? ಹಾಡು ನಿಲ್ಲಬಲ್ಲದು ಎಂಬುದು ಒಪ್ಪತಕ್ಕದ್ದೇ. ಆದರೆ 2002ರಲ್ಲಿ ಹೊಟ್ಟೆಯ ರಕ್ತನಾಳ ಒಡೆದು ಸಾವಿನಂಚಿಗೆ ಹೋದಾಗ ಲೈಟ್‌ಫುಟ್ ಮಾಡಿದ ಆಯ್ಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದಕ್ಕೂ ಮೊದಲೇ ದನಿ ಮತ್ತು ಗಿಟಾರ್ ಮಾತ್ರ ಮುದ್ರಿಸಿಟ್ಟಿದ್ದ ಹಾಡುಗಳ ಮೇಲೆ ಕ್ಲೆಮೆಂಟ್ಸ್ ಮತ್ತು ಉಳಿದವರು ತಮ್ಮ ಪಾಲನ್ನು ನುಡಿಸಿ ಸೇರಿಸಿದರು. ಲೈಟ್‌ಫುಟ್ ಆಸ್ಪತ್ರೆಯಿಂದಲೇ ಅದನ್ನು ಕೇಳಿ ಸೂಚನೆ ಕೊಟ್ಟರು. 2004ರ ‘ಹಾರ್ಮನಿ’ ಆದದ್ದು ಹೀಗೆ. ತಾಂತ್ರಿಕವಾಗಿ ಟಾಮ್ ವಿಲ್ಸನ್ 1965ರಲ್ಲಿ ಮಾಡಿದ್ದೂ ಇದೇ: ಮುಗಿದ ದನಿಯ ಮೇಲೆ ವಾದ್ಯ ಕೂಡಿಸುವುದು. ಆದರೆ ಅಲ್ಲಿ ಹಾಡಿದವರಿಗೆ ಸುದ್ದಿಯೇ ಇರಲಿಲ್ಲ. ಇಲ್ಲಿ ಹಾಡುಗಾರ ತಾನೇ ಎದ್ದು ಹಾಡಲಾಗದ ಹೊತ್ತಿನಲ್ಲಿ ಹಾಡನ್ನು ಇವರ ಕೈಗೆ ಒಪ್ಪಿಸಿದ್ದ. ಅಲಂಕಾರ ಮಾಡುವವನಿಗೆ ಯಾರೂ ಅಷ್ಟು ದೊಡ್ಡ ಹೊಣೆ ಕೊಡುವುದಿಲ್ಲ.

ಒಂದು ತಂಡದ ಕಥೆಯಿಂದ ಇಡೀ ಚರಿತ್ರೆ ತಿದ್ದಲಾಗದು ಎಂಬ ಮಾತೂ ಉಳಿದಿದೆ. ಬ್ರಿಟನ್ನಿನಲ್ಲಿ 1969ರ ‘ಲೀಜ್ ಅಂಡ್ ಲೀಫ್’ ಮೂಲಕ ಫೇರ್‌ಪೋರ್ಟ್ ಕನ್ವೆನ್ಷನ್ ಹಳೆಯ ಲಾವಣಿಗಳಿಗೆ ರಾಕ್ ತಂಡದ ಕಸುವನ್ನೇ ತುಂಬಿತು. ಅಲ್ಲಿ ರಿಚರ್ಡ್ ಥಾಂಪ್ಸನ್ನರ ಗಿಟಾರ್ ಹಿಂದೆ ಸರಿದು ನಿಲ್ಲುವುದಿಲ್ಲ. ಅದೂ ಒಂದು ದಾರಿ, ಸಮೃದ್ಧವಾದ ದಾರಿ. ಆದರೆ ಲ್ಯಾಂಗ್‌ಹಾರ್ನರಿಂದ ಕ್ಲೆಮೆಂಟ್ಸರವರೆಗೆ, ನಡುವೆ ಇಯಾನ್ ಮತ್ತು ಸಿಲ್ವಿಯಾ ಜೋಡಿಗೂ ಮರಿಯಾ ಮುಲ್ದಾರ್ ಅವರಿಗೂ ನುಡಿಸಿದ ಟೊರಾಂಟೋದ ಏಮೋಸ್ ಗ್ಯಾರೆಟ್ಟರನ್ನೂ ಸೇರಿಸಿಕೊಂಡರೆ, ಮಾತಿನ ಬದಿಯಲ್ಲಿ ನಿಂತ ಎಲೆಕ್ಟ್ರಿಕ್ ಗಿಟಾರಿನ ಸಾಲೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಅದು ಚರಿತ್ರೆಯ ಪುಟಗಳಲ್ಲಿ ತೆಳ್ಳಗಾಗಿರುವುದಕ್ಕೆ ಕಾರಣ ಸರಳ. ಜಗಳ ಸುದ್ದಿಯಾಗುತ್ತದೆ, ಹೊಂದಾಣಿಕೆ ಆಗುವುದಿಲ್ಲ. ಒಂದೇ ರಾತ್ರಿಯ ಕೂಗಾಟಕ್ಕೆ ತಾರೀಖು ಇರುತ್ತದೆ. ನಲವತ್ತು ವರ್ಷ ಒಬ್ಬರ ಮಾತಿಗೆ ಇನ್ನೊಬ್ಬರು ಜಾಗ ಬಿಟ್ಟುಕೊಟ್ಟದ್ದಕ್ಕೆ ತಾರೀಖು ಎಲ್ಲಿಂದ ಬರಬೇಕು? ಕ್ಲೆಮೆಂಟ್ಸರ ನಂತರ 2011ರಲ್ಲಿ ಆ ಜಾಗಕ್ಕೆ ಬಂದ ಕಾರ್ಟರ್ ಲ್ಯಾಂಕಾಸ್ಟರ್ ತಮ್ಮದೇ ಕೈಗುಣವಿದ್ದ ವಾದ್ಯಗಾರ. ಆದರೂ ಫಿಟ್ಜ್‌ಜೆರಾಲ್ಡ್ ಹಾಡು ಬಂದಾಗ ಅವರು ನುಡಿಸಿದ್ದು ಕೇಳುಗರೆಲ್ಲರ ಕಿವಿಯಲ್ಲಿ ಅಚ್ಚೊತ್ತಿದ್ದ ಅದೇ ತುಣುಕನ್ನು. ಹಾಡಿನ ಕರ್ತೃವಿನ ಜಾಗದಲ್ಲಿ ಲೈಟ್‌ಫುಟ್ ಹೆಸರೊಂದೇ ಇದೆ. ಆದರೆ ಹೊಸಬರು ಬಂದರೂ ಬದಲಿಸಲಾಗದ ಭಾಗವನ್ನು ಹಾಡಿನ ಅಂಗವೆಂದೇ ಎಣಿಸಬೇಕು, ಅದನ್ನು ನುಡಿಸಿದವರಿಗೂ ಆ ಚರಿತ್ರೆಯಲ್ಲಿ ಡಿಲನ್ನರ ಮೂರು ಹಾಡುಗಳಿಗೆ ಕೊಟ್ಟಷ್ಟು ಪುಟ ಸಲ್ಲಬೇಕು.