ತಾನೇ ಗೇರು ಹಾಕುವ ಪೆಟ್ಟಿಗೆ

ಮುತ್ತಿನಕೊಪ್ಪದ ಕಡೆಯ ಏರುತಗ್ಗಿನ ರಸ್ತೆಯಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ನೀವು ಪಯಣ ಮಾಡಿದ್ದರೆ, ಡ್ರೈವರನ ಎಡಗೈಗೆ ಬಿಡುವೇ ಇಲ್ಲದುದನ್ನು ಕಂಡಿರುತ್ತೀರಿ. ಮುಚ್ಚಿಹೋದ ಖಾಸಗಿ ಕಂಪೆನಿಯೊಂದರ ಕೆಲಸಗಾರರೇ 1991ರಲ್ಲಿ ಕೂಡಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ, 2020ರಲ್ಲಿ ನಿಲ್ಲುವವರೆಗೆ, ಈ ಸೀಮೆಯ ಜನರನ್ನು ಹೊತ್ತದ್ದು ಇಂಥ ಕೈಗೇರಿನ ಬಸ್ಸುಗಳಲ್ಲಿ. ಕೈಗೇರಿನ ಕಾಯಿಲೆ ಕಿವಿಗೆ ಕೇಳುತ್ತದೆ. ಈಗ ಅದೇ ರಸ್ತೆಗಳಿಗೆ ತಾನೇ ಗೇರು ಬದಲಿಸುವ ಕಾರುಗಳು ಬಂದಿವೆ. ಇವುಗಳ ಕಾಯಿಲೆಯನ್ನು ಮೊದಲು ಎಣ್ಣೆಯಲ್ಲಿ ಹುಡುಕಬೇಕು.

ಈ ಪೆಟ್ಟಿಗೆಯ ಮೂಲ ಹಡಗಿನಲ್ಲಿದೆ ಎಂದರೆ ನಿಮಗೆ ಸೋಜಿಗವಾದೀತು. ವೇಗವಾಗಿ ತಿರುಗುವ ಉಗಿ ಟರ್ಬೈನನ್ನು ನಿಧಾನವಾಗಿ ತಿರುಗಬೇಕಾದ ಹಡಗಿನ ಪಂಖಕ್ಕೆ ಹೊಂದಿಸಲು, ಅಂದು ಜರ್ಮನಿಗೆ ಸೇರಿದ್ದ ಸ್ಟೆಟಿನ್ ಬಂದರಿನಲ್ಲಿ ಹರ್ಮನ್ ಫಟಿಂಗರ್ ಎಂಬ ಇಂಜಿನಿಯರು 1905ರಲ್ಲಿ ದ್ರವದ ಮೂಲಕ ಶಕ್ತಿ ಸಾಗಿಸುವ ಯಂತ್ರಕ್ಕೆ ಪೇಟೆಂಟು ಪಡೆದ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುವುದಲ್ಲವೆ? ಗಾಳಿಯ ಬದಲು ಎಣ್ಣೆ, ಅಷ್ಟೆ. ನಡುವೆ ಸೂರ್ಯನಂತೊಂದು ಹಲ್ಲುಚಕ್ರ, ಅದರ ಸುತ್ತ ಗ್ರಹಗಳಂತೆ ತಿರುಗುವ ಸಣ್ಣ ಚಕ್ರಗಳು, ಇವನ್ನು ಬಿಗಿಹಿಡಿಯುವ ಪಟ್ಟಿಗಳು: ಇವು 1908ರ ಫೋರ್ಡ್ 'ಟಿ' ಕಾರಿನಲ್ಲಿಯೇ ಇದ್ದವು, ಆದರೆ ಪಟ್ಟಿಯನ್ನು ಅಲ್ಲಿ ಕಾಲಿನಿಂದ ಒತ್ತಬೇಕಿತ್ತು. ಜನರಲ್ ಮೋಟರ್ಸ್ ಕಂಪೆನಿ 1939ರಲ್ಲಿ ಎರಡನ್ನೂ ಕೂಡಿಸಿ, ಒತ್ತುವ ಕೆಲಸವನ್ನು ಎಣ್ಣೆಯ ಒತ್ತಡಕ್ಕೇ ಒಪ್ಪಿಸಿ, ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ 'ಹೈಡ್ರಾಮ್ಯಾಟಿಕ್' ತಂದಿತು. ಯುದ್ಧ ಬಂದಾಗ ಅದೇ ಪೆಟ್ಟಿಗೆ ಹಗುರ ಟ್ಯಾಂಕುಗಳಿಗೂ ಏರಿತು. ನಮ್ಮಲ್ಲಿ ಸಾಮಾನ್ಯ ಪ್ರಯಾಣಿಕನಿಗೆ ಇದರ ಪರಿಚಯವಾದದ್ದು ಬಹಳ ತಡವಾಗಿ, 2006ರ ಹೊತ್ತಿಗೆ ಬೆಂಗಳೂರಿನಲ್ಲಿ ಓಡತೊಡಗಿದ ವೋಲ್ವೋ ಸಿಟಿ ಬಸ್ಸುಗಳಿಂದ. (2014ರಲ್ಲಿ ಮಾರುತಿ ಸೆಲೆರಿಯೋ ತಂದ ಎ.ಎಂ.ಟಿ. ಬೇರೆ ಜಾತಿ. ಅದು ಕೈಗೇರೇ, ಕೈ ಮಾತ್ರ ಯಂತ್ರದ್ದು.)

ಇಂಥ ಪೆಟ್ಟಿಗೆಯನ್ನು ಓವರ್‌ಹಾಲ್ ಮಾಡುವುದೆಂದರೆ ಸವೆದ ಪ್ಲೇಟುಗಳನ್ನು ತೆಗೆದು ಹೊಸವನ್ನು ಹಾಕುವುದೆಂದು ಹಲವರ ಭಾವನೆ. ಹಾಗೆ ಮಾಡಿಸಿದ ಕಾರು ಕೆಲವು ತಿಂಗಳಲ್ಲಿ ಮರಳಿ ಗ್ಯಾರೇಜಿಗೆ ಬಂದರೆ ಆಶ್ಚರ್ಯವಿಲ್ಲ. ಪ್ಲೇಟು ಸುಟ್ಟದ್ದು ರೋಗವಲ್ಲ, ರೋಗದ ಗುರುತು. ಅದನ್ನು ಒತ್ತುವ ಎಣ್ಣೆಯ ಒತ್ತಡ ಕಡಿಮೆಯಾದದ್ದರಿಂದ ಅದು ಜಾರಿತು, ಜಾರಿದ್ದರಿಂದ ಸುಟ್ಟಿತು. ಒತ್ತಡ ಸೋರಿದ್ದೆಲ್ಲಿ? ಪಂಪು ಸವೆದಿದೆಯೆ, ರಬ್ಬರ್ ಸೀಲು ಗಟ್ಟಿಯಾಗಿದೆಯೆ, ಎಣ್ಣೆಗೆ ದಾರಿ ತೋರುವ ವಾಲ್ವ್‌ಬಾಡಿಯ ರಂಧ್ರ ಅಗಲವಾಗಿದೆಯೆ? ಆದುದರಿಂದ ಬಿಚ್ಚುವ ಮೊದಲೇ ಎಣ್ಣೆಯ ಬಣ್ಣ, ವಾಸನೆ ನೋಡಬೇಕು, ರಸ್ತೆಯಲ್ಲಿ ಓಡಿಸಬೇಕು, ಗೇಜು ಹಾಕಿ ಒತ್ತಡ ಅಳೆಯಬೇಕು, ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದಬೇಕು.

ಬಿಚ್ಚಿದ ಮೇಲಿನ ಕೆಲಸ ಅಡುಗೆಮನೆಯ ಮಡಿಗೇನೂ ಕಡಿಮೆಯಲ್ಲ. ಒರೆಸುವ ಬಟ್ಟೆಯ ಒಂದು ನೂಲೆಳೆ ಸಾಕು, ವಾಲ್ವು ಸಿಕ್ಕಿಕೊಳ್ಳಲು. ಸೀಲುಗಳೆಲ್ಲವೂ ಹೊಸದಾಗಬೇಕು, ಹಳೆಯದು ಚೆನ್ನಾಗಿ ಕಂಡರೂ ಸರಿಯೆ. ಹೊಸ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಹಾಕಿ ಜೋಡಿಸಿ, ಅವುಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆದು, ಪೆಟ್ಟಿಗೆ ಮುಚ್ಚುವ ಮೊದಲು ಗಾಳಿ ಕೊಟ್ಟು ಪ್ರತಿಯೊಂದು ಪಿಸ್ಟನ್ನೂ ಹಿಡಿಯುತ್ತದೆಯೆ ಎಂದು ನೋಡುತ್ತಾರೆ.

ಇಷ್ಟೆಲ್ಲ ಮಾಡಿಯೂ ಜನ ಎಡವುವ ಜಾಗ ಎರಡು. ಒಂದು, ಎಣ್ಣೆ ತಣಿಸುವ ಕೂಲರು ಮತ್ತು ಅದರ ಕೊಳವೆಗಳು. ಇನ್ನೊಂದು, ಫಟಿಂಗರನ ಸಂತತಿಯಾದ ಟಾರ್ಕ್ ಕನ್ವರ್ಟರು. ಹಳೆಯ ಪ್ಲೇಟುಗಳ ಸುಟ್ಟ ಪುಡಿ ಈ ಎರಡರಲ್ಲೂ ಉಳಿದಿರುತ್ತದೆ. ಕನ್ವರ್ಟರಿನ ಚಿಪ್ಪಿಗೆ ಸುತ್ತಲೂ ಬೆಸುಗೆ. ಹೊರಗಿನಿಂದ ತೊಳೆದರೆ ಒಳಗು ಶುದ್ಧವಾಗದು. ಅದನ್ನು ಕತ್ತರಿಸಿ ಶುದ್ಧಮಾಡಿ ಮರಳಿ ಬೆಸೆಯಬೇಕು, ಇಲ್ಲವೆ ಬೇರೆ ಹಾಕಬೇಕು. ಇದಕ್ಕೆ ತಗಲುವ ಹಣ ಹೆಚ್ಚಾದ್ದರಿಂದ ಬಿಲ್ಲಿನಿಂದ ಮೊದಲು ಬಿಟ್ಟುಹೋಗುವುದೂ ಇದೇ. ನಿಮ್ಮ ಕಾರನ್ನು ಒಪ್ಪಿಸುವಾಗ ಮೆಕ್ಯಾನಿಕರನ್ನು ಕೇಳಿ: "ಕನ್ವರ್ಟರಿಗೆ ಏನು ಮಾಡುತ್ತೀರಿ? ಕೂಲರ್ ತೊಳೆಯುತ್ತೀರಾ?" ಕಾರಣವನ್ನೂ ಕೇಳಿ, ಹಿಂದಿನ ಪೆಟ್ಟಿಗೆ ಏಕೆ ಕೆಟ್ಟಿತೆಂದು ಹೇಳಬಲ್ಲವರ ಕೈಗೇ ಕೀಲಿ ಕೊಡಿ.